‘ಕೊಡಿದ’ ಅಂದರೆ ಯಾಕೆ ತಪ್ಪು? ಭಾಷೆ ಕಲಿಸುವವರಿಗೆ ಭಾಷಾವಿಜ್ಞಾನ ಏನು ಕೊಡುತ್ತದೆ

ಕನ್ನಡ ಕಲಿಯುತ್ತಿರುವ ಒಬ್ಬರು ನಿಮ್ಮನ್ನು ಹೀಗೆ ಕೇಳುತ್ತಾರೆ ಅಂದುಕೊಳ್ಳಿ. ‘ಮಾಡು’ ಇದ್ದದ್ದು ‘ಮಾಡಿದ’ ಆಗುತ್ತದೆ. ಹಾಡು, ಹಾಡಿದ. ನೋಡು, ನೋಡಿದ. ಓಡು, ಓಡಿದ. ಹಾಗಾದರೆ ‘ಕೊಡು’ ಯಾಕೆ ‘ಕೊಡಿದ’ ಆಗಲ್ಲ? ‘ಕೊಟ್ಟ’ ಎಲ್ಲಿಂದ ಬಂತು?

ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ. ‘ಅದು ಹಾಗೇ ರೀ, ಸುಮ್ನೆ ನೆನಪಿಟ್ಕೊಳ್ಳಿ.’

ಇನ್ನಷ್ಟು ಪದಗಳನ್ನು ಗುಡ್ಡೆ ಹಾಕಿ ನೋಡಿ. ಕೊಡು ಕೊಟ್ಟ, ಬಿಡು ಬಿಟ್ಟ, ಇಡು ಇಟ್ಟ, ಸುಡು ಸುಟ್ಟ, ನೆಡು ನೆಟ್ಟ, ಉಡು ಉಟ್ಟ, ತೊಡು ತೊಟ್ಟ, ಕೆಡು ಕೆಟ್ಟ, ಪಡು ಪಟ್ಟ. ಇನ್ನೊಂದು ಕಡೆ ಮಾಡು, ಹಾಡು, ನೋಡು, ಓಡು, ಬೇಡು, ಕಾಡು, ನೀಡು, ಹೂಡು, ಬಾಡು. ಇವೆಲ್ಲ ‘ಡಿದ’ ಆಗುತ್ತವೆ. ಈಗ ಪ್ರತಿ ಪದದ ಮೊದಲಕ್ಷರ ಮಾತ್ರ ನೋಡಿ. ಕೊ, ಬಿ, ಇ, ಸು, ನೆ: ಎಲ್ಲ ಹ್ರಸ್ವ. ಮಾ, ಹಾ, ನೋ, ಓ, ಬೇ: ಎಲ್ಲ ದೀರ್ಘ. ನಿಯಮ ಇಷ್ಟೇ. ಮೊದಲಕ್ಷರ ಹ್ರಸ್ವವಾಗಿದ್ದರೆ ‘ಡು’ ಹೋಗಿ ‘ಟ್ಟ’ ಬರುತ್ತದೆ, ದೀರ್ಘವಾಗಿದ್ದರೆ ‘ಡಿದ’.

‘ಗು’ ಕೊನೆಗಿರುವ ಪದಗಳಲ್ಲೂ ಇದೇ ಆಟ. ನಗು ನಕ್ಕ, ಸಿಗು ಸಿಕ್ಕ, ಹೊಗು ಹೊಕ್ಕ. ಆದರೆ ಕೂಗು ಕೂಗಿದ, ಬಾಗು ಬಾಗಿದ, ಸಾಗು ಸಾಗಿದ, ತೂಗು ತೂಗಿದ. ಇಲ್ಲಿ ಎರಡು ಪದ ಮಾತ್ರ ಮೊಂಡಾಟ ಮಾಡುತ್ತವೆ. ‘ಹೋಗು’ ಹೋಗಿದ ಆಗಲ್ಲ, ‘ಹೋದ’ ಆಗುತ್ತದೆ. ‘ಆಗು’ ಆಗಿದ ಆಗಲ್ಲ, ‘ಆದ’ ಆಗುತ್ತದೆ. ಇವೆರಡೂ ನಾವು ದಿನವಿಡೀ ಬಳಸುವ ಪದಗಳು ಅನ್ನುವುದು ಕಾಕತಾಳೀಯ ಅಲ್ಲ. ಯಾವ ಭಾಷೆಯಲ್ಲಾದರೂ ನಿಯಮ ಮೀರಿದ ರೂಪಗಳು ಜಾಸ್ತಿ ಉಳಿದುಕೊಳ್ಳುವುದು ಹೆಚ್ಚು ಬಳಕೆಯ ಪದಗಳಲ್ಲೇ. ದಿನಾ ಕಿವಿಗೆ ಬೀಳುವುದರಿಂದ ಅವು ಮರೆತುಹೋಗುವುದಿಲ್ಲ. ಅಪರೂಪದ ಪದವಾದರೆ ಯಾವತ್ತೋ ನಿಯಮದ ದಾರಿಗೆ ಬಂದುಬಿಟ್ಟಿರುತ್ತಿತ್ತು.

ಹುಟ್ಟು ಕನ್ನಡಿಗರಿಗೆ ಈ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೂ ತಪ್ಪುವುದಿಲ್ಲ. ಅಂದರೆ ನಿಯಮ ತಲೆಯಲ್ಲಿದೆ, ಬಾಯಿಗೆ ಬರುತ್ತದೆ, ಕೇಳಿದರೆ ಮಾತ್ರ ಹೇಳಲು ಬರುವುದಿಲ್ಲ. ಒಂದು ಭಾಷೆಯನ್ನು ಆಡುವುದು ಒಂದು ತಿಳಿವಳಿಕೆ. ಅದು ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುವುದು ಪೂರ್ತಿ ಬೇರೆಯದೇ ತಿಳಿವಳಿಕೆ. ಭಾಷಾವಿಜ್ಞಾನದ ಕೆಲಸ ಈ ಎರಡನೆಯದು. ‘ಅದು ನನ್ನ ಮಾತೃಭಾಷೆ, ಕಲಿಸೋಕೆ ಏನು ಕಷ್ಟ’ ಅಂದುಕೊಂಡು ಪಾಠ ಮಾಡಲು ಕೂತವರು ಮೊದಲ ವಾರದಲ್ಲೇ ತಡಬಡಿಸುವುದು ಇದಕ್ಕೇ.

ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಿಬಿಡೋಣ. ಭಾಷಾವಿಜ್ಞಾನಿ ಅಂದರೆ ಹತ್ತು ಭಾಷೆ ಮಾತಾಡುವವರು ಅಂತ ಅರ್ಥವಲ್ಲ. ‘ಹೀಗೆ ಮಾತಾಡಬೇಕು, ಹಾಗೆ ಮಾತಾಡಬಾರದು’ ಅಂತ ತಿದ್ದುವವರೂ ಅಲ್ಲ. ಜನ ನಿಜವಾಗಿ ಹೇಗೆ ಮಾತಾಡುತ್ತಾರೆ, ಅದರ ಹಿಂದೆ ಏನು ಕಟ್ಟು ಇದೆ ಅಂತ ನೋಡುವವರು. ದನಿಗಳು, ಪದದ ಕಟ್ಟಣೆ, ವಾಕ್ಯದ ಕಟ್ಟಣೆ, ಅರ್ಥ, ಬಳಕೆ ಅಂತ ಪಠ್ಯಪುಸ್ತಕಗಳು ಈ ಕ್ಷೇತ್ರವನ್ನು ಭಾಗ ಮಾಡುತ್ತವೆ. ಅದನ್ನೆಲ್ಲ ಸಾಲಾಗಿ ಹೇಳುತ್ತಾ ಹೋದರೆ ನಿಮಗೂ ಬೇಜಾರು, ನನಗೂ ಬೇಜಾರು. ಕಲಿಕೆಗೆ ಎಲ್ಲಿ ನಿಜವಾಗಿ ಉಪಯೋಗವಾಯಿತೋ ಅಲ್ಲಿ ನಿಲ್ಲೋಣ.

ಕಿವಿ ಮೊದಲು, ನಾಲಿಗೆ ಆಮೇಲೆ

ಕತೆ, ಕತ್ತೆ, ಕಟ್ಟೆ. ಈ ಮೂರನ್ನು ಕೇಳಿ ಬೇರೆ ಮಾಡುವುದು ನಮಗೆ ಒಂದು ಕೆಲಸವೇ ಅಲ್ಲ. ಇಂಗ್ಲಿಷ್ ಮಾತ್ರ ಆಡಿ ಬೆಳೆದವರಿಗೆ ಇದು ನಿಜವಾದ ಪರೀಕ್ಷೆ. ಪದದ ನಡುವೆ ಒತ್ತಕ್ಷರ ಇದೆಯೋ ಇಲ್ಲವೋ ಅನ್ನುವುದು ಅವರ ಭಾಷೆಯಲ್ಲಿ ಅರ್ಥ ಬದಲಿಸುವುದಿಲ್ಲ. ತ ಮತ್ತು ಟ ಅವರಿಗೆ ಒಂದೇ ದನಿಯ ಎರಡು ಉಚ್ಚಾರಗಳ ಹಾಗೆ ಕೇಳಿಸುತ್ತವೆ. ಅವರ ಸ್ವಂತ ‘ಟ’ ಕಾರವನ್ನು ನಾಲಿಗೆಯ ತುದಿ ಹಲ್ಲಿನ ಹಿಂದಿನ ವಸಡಿಗೆ ತಾಗಿಸಿ ಹೇಳುತ್ತಾರೆ. ನಮ್ಮ ತ ಇರುವ ಜಾಗಕ್ಕೂ ನಮ್ಮ ಟ ಇರುವ ಜಾಗಕ್ಕೂ ನಡುವೆ ಅದು. ನಮ್ಮ ಕಿವಿ ಅದನ್ನು ಟ ಅಂತಲೇ ತೆಗೆದುಕೊಳ್ಳುತ್ತದೆ. ಅದಕ್ಕೇ ನಾವು ಟೇಬಲ್, ಡಾಕ್ಟರ್ ಅಂತ ಬರೆಯುತ್ತೇವೆ.

ಈ ಕಿವುಡು ಹುಟ್ಟಿನಿಂದ ಬಂದದ್ದಲ್ಲ ಅನ್ನುವುದು ಇದರಲ್ಲಿನ ಸ್ವಾರಸ್ಯ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅನ್ನುವ ಕೆನಡಾದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ದನಿಗಳನ್ನು ಕೇಳಿಸಿದರು. ದನಿ ಬದಲಾದಾಗ ಮಗು ತಲೆ ತಿರುಗಿಸುತ್ತದೋ ಇಲ್ಲವೋ ಅಂತ ನೋಡಿದರು. 6ರಿಂದ 8 ತಿಂಗಳ ಕೂಸುಗಳು ವ್ಯತ್ಯಾಸವನ್ನು ಚೆನ್ನಾಗಿ ಹಿಡಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಅದೇ ವಯಸ್ಸಿನ ಹಿಂದಿ ಮನೆಯ ಕೂಸುಗಳಿಗೆ ಏನೂ ತೊಂದರೆ ಇರಲಿಲ್ಲ. ಅಂದರೆ ಮಗು ಮೊದಲ ಮಾತು ಆಡುವ ಹೊತ್ತಿಗೇ ಕಿವಿ ತನ್ನ ಭಾಷೆಗೆ ತಕ್ಕ ಜರಡಿ ಹಿಡಿದು ಕೂತಿರುತ್ತದೆ.

ಕಲಿಸುವವರಿಗೆ ಇದು ಹೇಳುವುದು ಬಹಳ ಮುಖ್ಯವಾದ ಮಾತು. ‘ಸರಿಯಾಗಿ ಹೇಳು, ಸರಿಯಾಗಿ ಹೇಳು’ ಅಂತ ಹತ್ತು ಸಲ ಗದರಿದರೂ ಉಪಯೋಗ ಇಲ್ಲ. ಕಲಿಯುವವನು ಸರಿಯಾಗಿಯೇ ಹೇಳುತ್ತಿದ್ದೇನೆ ಅಂದುಕೊಂಡಿದ್ದಾನೆ. ಅವನ ಕಿವಿಗೆ ಎರಡೂ ಒಂದೇ. ಹಾಗಾಗಿ ಮೊದಲು ಮಾಡಬೇಕಾದ್ದು ಕಿವಿಯ ಅಭ್ಯಾಸ. ಇದಕ್ಕೆ ಭಾಷಾವಿಜ್ಞಾನ ಕೊಟ್ಟ ಸರಳ ಸಾಧನ ಒಂದೇ ದನಿಯಲ್ಲಿ ಬೇರೆಯಾಗುವ ಪದಜೋಡಿಗಳು. ಕಾಲು, ಕಾಳು. ಬಲೆ, ಬಳೆ. ಅನ್ನ, ಅಣ್ಣ. ಕರು, ಕಾರು. ಹೇಳಿಸುವುದಕ್ಕಿಂತ ಮೊದಲು ಕೇಳಿಸಿ, ಯಾವುದು ಅಂತ ಗುರುತಿಸಲು ಹೇಳಬೇಕು.

ದೊಡ್ಡವರ ಕಿವಿ ಮತ್ತೆ ತೆರೆಯುತ್ತದೆಯೇ? ತೆರೆಯುತ್ತದೆ, ಸ್ವಲ್ಪ ಮೊಂಡಾಗಿ. ಜಪಾನಿ ಭಾಷೆಯಲ್ಲಿ ರ ಮತ್ತು ಲ ಬೇರೆ ಬೇರೆ ಇಲ್ಲ. ಹಾಗಾಗಿ ಜಪಾನಿಯರಿಗೆ ಇಂಗ್ಲಿಷಿನ ‘ರೈಟ್’ ಮತ್ತು ‘ಲೈಟ್’ ಬೇರೆ ಮಾಡುವುದು ಕಷ್ಟ. 1991ರಲ್ಲಿ ಅಮೆರಿಕದ ಸಂಶೋಧಕರು ಜಪಾನಿ ಕಲಿಕೆಗಾರರಿಗೆ ಈ ಪದಗಳನ್ನು ಒಬ್ಬರ ದನಿಯಲ್ಲಲ್ಲ, ಹಲವರ ದನಿಯಲ್ಲಿ, ಪದದ ಬೇರೆ ಬೇರೆ ಜಾಗಗಳಲ್ಲಿ ಕೇಳಿಸಿ ತರಬೇತಿ ಕೊಟ್ಟರು. ಸುಧಾರಣೆ ಕಂಡಿತು. ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಇನ್ನೂ ಒಂದು ವಿಷಯ ಹೊರಬಂತು. ಬರೀ ಕೇಳುವ ತರಬೇತಿ ಪಡೆದವರ ಉಚ್ಚಾರಣೆಯೂ ಉತ್ತಮವಾಗಿತ್ತು. ಹಲವು ದನಿ ಅನ್ನುವುದನ್ನು ಗಮನಿಸಿ. ಒಬ್ಬರೇ ಶಿಕ್ಷಕರ ದನಿಗೆ ಹೊಂದಿಕೊಂಡ ಕಿವಿ ಹೊರಗೆ ಹೋದ ಕೂಡಲೇ ತಬ್ಬಿಬ್ಬಾಗುವುದು ಇದಕ್ಕೇ ಇರಬೇಕು.

ನಾವೂ ಇದರಿಂದ ಹೊರತಲ್ಲ. ಇಂಗ್ಲಿಷಿನಲ್ಲಿ ಹಲ್ಲು ತುಟಿಗೆ ತಾಗಿಸಿ ಹೇಳುವ ‘ವ’ ಒಂದು, ತುಟಿ ಗುಂಡಗೆ ಮಾಡಿ ಹೇಳುವ ‘ವ’ ಇನ್ನೊಂದು. ಒಳಗೆ ಹಾಕುವ ಬನಿಯನ್ನಿಗೂ ಪಶ್ಚಿಮ ದಿಕ್ಕಿಗೂ ನಾವು ‘ವೆಸ್ಟ್’ ಅಂತಲೇ ಬರೆಯುತ್ತೇವೆ, ಹಾಗೇ ಕೇಳುತ್ತೇವೆ, ಹಾಗೇ ಹೇಳುತ್ತೇವೆ. ಇನ್ನೊಂದು ಕಡೆ, ಇಂಗ್ಲಿಷಿನವರು ‘ಪಿನ್’ ಅನ್ನುವಾಗ ಪ ಜೊತೆ ಉಸಿರು ಹೊರಬರುತ್ತದೆ, ‘ಸ್ಪಿನ್’ ಅನ್ನುವಾಗ ಬರುವುದಿಲ್ಲ. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದರೆ ಮೊದಲನೆಯದಕ್ಕೆ ಅದು ಅಲ್ಲಾಡುವುದು ಕಾಣುತ್ತದೆ. ಹೆಚ್ಚಿನ ಇಂಗ್ಲಿಷಿನವರಿಗೆ ಈ ವ್ಯತ್ಯಾಸ ಇದೆ ಅಂತಲೇ ಗೊತ್ತಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಅಂತ ಅಕ್ಷರಮಾಲೆಯಲ್ಲೇ ಬೇರೆ ಕೂರಿಸಿರುವ ನಮಗೆ ತೋರಿಸಿದರೆ ಬೇಗ ಹೊಳೆಯುತ್ತದೆ.

ಅಂದಹಾಗೆ, ಜಗತ್ತಿನ ಎಲ್ಲ ಭಾಷೆಗಳ ದನಿಗಳನ್ನು ಬರೆಯಲು ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿಯ ಹಿಂದಿರುವ ಸಂಘವನ್ನು ಕಟ್ಟಿದವರು ಭಾಷಾ ಶಿಕ್ಷಕರು. 1886ರಲ್ಲಿ ಪ್ಯಾರಿಸ್‌ನಲ್ಲಿ, ಪಾಲ್ ಪಾಸಿಯ ಮುಂದಾಳತ್ವದಲ್ಲಿ ಅದು ಶುರುವಾದಾಗ ಶಾಲೆಯಲ್ಲಿ ಉಚ್ಚಾರಣೆ ಕಲಿಸುವುದೇ ಮುಖ್ಯ ಉದ್ದೇಶವಾಗಿತ್ತು. ವಿಜ್ಞಾನ ಮೇಲಿಂದ ಇಳಿದು ಪಾಠಕ್ಕೆ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ನಡೆದದ್ದು ಉಲ್ಟಾ.

ಸಿದ್ಧಾಂತವೇ ವಿಧಾನವಾದಾಗ

ಇಷ್ಟೆಲ್ಲ ಉಪಯೋಗ ಇದ್ದರೆ ಭಾಷಾವಿಜ್ಞಾನದಿಂದಲೇ ನೇರವಾಗಿ ಒಂದು ಪಾಠದ ವಿಧಾನ ತಯಾರು ಮಾಡಬಾರದೇ? ಈ ಪ್ರಶ್ನೆ ಅಮೆರಿಕದಲ್ಲಿ ಬಂತು, ಪ್ರಯತ್ನವೂ ನಡೆಯಿತು.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯಕ್ಕೆ ಬೇರೆ ಬೇರೆ ಭಾಷೆ ಬಲ್ಲವರು ತುರ್ತಾಗಿ ಬೇಕಾದರು. 1943ರಲ್ಲಿ ಶುರುವಾದ ಸೈನ್ಯದ ತರಬೇತಿ ಯೋಜನೆಗೆ ಭಾಷಾವಿಜ್ಞಾನಿಗಳ ನೆರವು ಸಿಕ್ಕಿತು. ಆಗಿನ ನಂಬಿಕೆ ಏನೆಂದರೆ ಭಾಷೆ ಅಭ್ಯಾಸಬಲ. ಕೇಳು, ಅನುಕರಿಸು, ಮತ್ತೆ ಮತ್ತೆ ಹೇಳು, ಬಾಯಿಗೆ ಕೂರಿಸಿಕೋ. ಮಿಷಿಗನ್‌ನಲ್ಲಿ ಚಾರ್ಲ್ಸ್ ಫ್ರೈಸ್ ಇದೇ ದಾರಿಯಲ್ಲಿ ಇಂಗ್ಲಿಷ್ ಕಲಿಸುವ ಕ್ರಮ ರೂಪಿಸಿದರು. ಅಲ್ಲೇ ಇದ್ದ ರಾಬರ್ಟ್ ಲ್ಯಾಡೊ 1957ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಲಿಯುವವರ ಭಾಷೆಯನ್ನೂ ಕಲಿಯಬೇಕಾದ ಭಾಷೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಎಲ್ಲಿ ಬೇರೆಯೋ ಅಲ್ಲಿ ಕಷ್ಟ, ಎಲ್ಲಿ ಒಂದೇ ಥರವೋ ಅಲ್ಲಿ ಸುಲಭ. ಹಾಗಾಗಿ ತಪ್ಪುಗಳನ್ನು ಮೊದಲೇ ಊಹಿಸಬಹುದು. ಭಾಷಾ ಪ್ರಯೋಗಾಲಯಗಳು ಬಂದವು. ಹೆಡ್‌ಫೋನ್ ಹಾಕಿಕೊಂಡು ಒಂದೇ ಮಾದರಿಯ ವಾಕ್ಯಗಳನ್ನು ನೂರು ಸಲ ಹೇಳುವ ಕಾಲ ಅದು.

ತಪ್ಪುಗಳನ್ನು ನಿಜವಾಗಿ ಎಣಿಸಲು ಕೂತಾಗ ಲೆಕ್ಕ ತಪ್ಪಿತು. ಊಹಿಸಿದ ಎಷ್ಟೋ ತಪ್ಪುಗಳು ಬರಲಿಲ್ಲ. ಊಹಿಸದೇ ಇದ್ದವು ಬಂದವು. ಬೇರೆ ಬೇರೆ ಮಾತೃಭಾಷೆಯವರು ಒಂದೇ ಥರದ ತಪ್ಪು ಮಾಡುತ್ತಿದ್ದರು. ಅಷ್ಟರಲ್ಲಿ ಅಭ್ಯಾಸಬಲದ ಸಿದ್ಧಾಂತಕ್ಕೂ ಪೆಟ್ಟು ಬಿತ್ತು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಭಾಷೆಯನ್ನು ಪ್ರಚೋದನೆ, ಪ್ರತಿಕ್ರಿಯೆ, ಬಹುಮಾನ ಇಷ್ಟರಲ್ಲೇ ವಿವರಿಸಲು ಹೊರಟಿದ್ದರು. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಅದನ್ನು ಕಟುವಾಗಿ ವಿಮರ್ಶಿಸಿದರು. ಯಾರೂ ಹೇಳದ, ಯಾರೂ ಕೇಳದ ಹೊಸ ವಾಕ್ಯಗಳನ್ನು ಮಕ್ಕಳು ಕೂಡ ಸಲೀಸಾಗಿ ಹುಟ್ಟಿಸುತ್ತಾರಲ್ಲ, ಅದು ಅನುಕರಣೆಯಿಂದ ಹೇಗೆ ಬರುತ್ತದೆ ಅನ್ನುವುದು ಅವರ ವಾದದ ತಿರುಳು.

ಆಮೇಲೆ ನಡೆದದ್ದು ನನಗೆ ಇಷ್ಟವಾದ ಪ್ರಸಂಗ. ಹಳೆಯ ಸಿದ್ಧಾಂತ ಬಿತ್ತು, ಸರಿ, ಹೊಸ ಸಿದ್ಧಾಂತದಿಂದ ಹೊಸ ವಿಧಾನ ಸಿಗುತ್ತದೆ ಅಂತ ಶಿಕ್ಷಕರು ಕಾದರು. 1966ರಲ್ಲಿ ಅಮೆರಿಕದಲ್ಲಿ ನಡೆದ ವಿದೇಶಿ ಭಾಷಾ ಶಿಕ್ಷಕರ ಸಮ್ಮೇಳನದಲ್ಲಿ ಚಾಮ್ಸ್ಕಿ ಮಾತಾಡಿದರು. ಭಾಷಾವಿಜ್ಞಾನ ಮತ್ತು ಮನೋವಿಜ್ಞಾನ ಇಲ್ಲಿಯವರೆಗೆ ಕಂಡುಕೊಂಡದ್ದು ಭಾಷೆ ಕಲಿಸುವುದಕ್ಕೆ ಎಷ್ಟು ಪ್ರಯೋಜನವೋ ನನಗೆ ಅನುಮಾನವೇ ಇದೆ ಅಂದರು. ಶಿಕ್ಷಕರ ಮುಖ ಹೇಗಾಗಿರಬೇಕು ಊಹಿಸಿಕೊಳ್ಳಿ.

ಆದರೆ ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಭಾಷೆಯ ಕಟ್ಟು ಹೇಗಿದೆ ಅನ್ನುವುದು ಒಂದು ಪ್ರಶ್ನೆ. ಅದು ಮನುಷ್ಯನ ತಲೆಗೆ ಯಾವ ಕ್ರಮದಲ್ಲಿ ಇಳಿಯುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದ್ದೇ ಅಲ್ಲಿನ ಎಡವಟ್ಟು. ನನ್ನ ಲೆಕ್ಕದಲ್ಲಿ ಭಾಷಾವಿಜ್ಞಾನ ‘ಹೀಗೆ ಪಾಠ ಮಾಡಿ’ ಅಂತ ಹೊರಟಾಗೆಲ್ಲ ಸೋತಿದೆ. ‘ಕಲಿಯುವವರು ಏನು ಮಾಡುತ್ತಿದ್ದಾರೆ ನೋಡಿ’ ಅಂದಾಗ ಗೆದ್ದಿದೆ.

ತಪ್ಪಿನೊಳಗೆ ಏನಿದೆ

ಆ ಗೆಲುವು ಶುರುವಾದದ್ದು ಮರುವರ್ಷವೇ. 1967ರಲ್ಲಿ ಪಿಟ್ ಕಾರ್ಡರ್ ಅನ್ನುವ ಬ್ರಿಟಿಷ್ ವಿದ್ವಾಂಸರು ಬರೆದ ಒಂದು ಚಿಕ್ಕ ಲೇಖನ ಶಿಕ್ಷಕರ ಕಣ್ಣು ತಿರುಗಿಸಿತು. ಕಲಿಯುವವರ ತಪ್ಪುಗಳಲ್ಲಿ ಎರಡು ಬಗೆ ಅಂದರು ಅವರು. ಒಂದು, ಬಾಯಿತಪ್ಪು. ದಣಿವಿನಲ್ಲೋ ಆತುರದಲ್ಲೋ ಬಂದದ್ದು, ತಾನೇ ತಿದ್ದಿಕೊಳ್ಳಬಹುದಾದದ್ದು. ಇನ್ನೊಂದು, ಮತ್ತೆ ಮತ್ತೆ ಒಂದೇ ರೀತಿ ಬರುವ ತಪ್ಪು. ಎರಡನೆಯದು ಕಲಿಯುವವರ ತಲೆಯಲ್ಲಿ ಸದ್ಯಕ್ಕೆ ಯಾವ ನಿಯಮ ಓಡುತ್ತಿದೆ ಅಂತ ತೋರಿಸುತ್ತದೆ.

‘ಕೊಡಿದ’ ಅನ್ನುವವರನ್ನೇ ತೆಗೆದುಕೊಳ್ಳಿ. ‘ಕೊಡಿದ’ ಅಂತ ಯಾರ ಬಾಯಿಂದಲೂ ಅವರು ಕೇಳಿಲ್ಲ. ಮಾಡಿದ, ನೋಡಿದ, ಹಾಡಿದ ಕೇಳಿ, ಅದರಿಂದ ಒಂದು ನಿಯಮ ಕಟ್ಟಿಕೊಂಡು, ಹೊಸ ಪದಕ್ಕೆ ಹಚ್ಚಿದ್ದಾರೆ. ಅದು ದಡ್ಡತನವಲ್ಲ, ಅರ್ಧ ದಾರಿ ಬಂದ ಬುದ್ಧಿವಂತಿಕೆ. ಅವರಿಗೆ ಬೇಕಾದ್ದು ‘ತಪ್ಪು’ ಅನ್ನುವ ಕೆಂಪು ಗೆರೆಗಿಂತ ಇನ್ನೊಂದೆರಡು ಉದಾಹರಣೆ: ಬಿಟ್ಟ, ಇಟ್ಟ, ಸುಟ್ಟ.

ಮಕ್ಕಳೂ ಮಾತೃಭಾಷೆಯನ್ನು ಹೀಗೇ ಕಲಿಯುತ್ತಾರೆ. 1958ರಲ್ಲಿ ಜೀನ್ ಬರ್ಕೋ ಅನ್ನುವ ಸಂಶೋಧಕಿ ಪುಟ್ಟ ಮಕ್ಕಳಿಗೆ ಹಕ್ಕಿಯಂಥ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ, ‘ಇದು ವಗ್’ ಅಂದರು. ಆಮೇಲೆ ಎರಡು ಚಿತ್ರ ತೋರಿಸಿ, ‘ಈಗ ಇಲ್ಲಿ ಎರಡು...’ ಅಂತ ನಿಲ್ಲಿಸಿದರು. ಮಕ್ಕಳು ‘ವಗ್ಸ್’ ಅಂತ ಪೂರ್ತಿ ಮಾಡಿದರು. ಆ ಪದವೇ ಜಗತ್ತಿನಲ್ಲಿ ಇರಲಿಲ್ಲ. ಕೇಳಿ ಬಾಯಿಪಾಠ ಮಾಡಿರಲು ಸಾಧ್ಯವೇ ಇಲ್ಲ, ಅಲ್ವಾ?

1972ರಲ್ಲಿ ಲ್ಯಾರಿ ಸೆಲಿಂಕರ್ ಇದಕ್ಕೊಂದು ಹೆಸರು ಕೊಟ್ಟು ಜನಪ್ರಿಯಗೊಳಿಸಿದರು. ಕನ್ನಡದಲ್ಲಿ ಅಂತರಭಾಷೆ ಅನ್ನಬಹುದು. ಕಲಿಯುವವರು ಆಡುವುದು ಹೊಸ ಭಾಷೆಯ ಹರಿದ ರೂಪವಲ್ಲ, ಮಾತೃಭಾಷೆಯ ನೆರಳೂ ಅಲ್ಲ. ತನ್ನದೇ ನಿಯಮಗಳಿರುವ, ದಿನದಿನಕ್ಕೆ ಬದಲಾಗುವ ಒಂದು ನಡುವಿನ ವ್ಯವಸ್ಥೆ. ಮಾತೃಭಾಷೆ ಅದರೊಳಗೆ ಕೈ ಆಡಿಸುತ್ತದೆ, ನಿಜ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ನನಗೆ ಚಳಿಯಾಗುತ್ತಿದೆ’ ಅನ್ನುವಾಗ ಅನುಭವಿಸುವವನು ‘ಗೆ’ ಹಚ್ಚಿಕೊಂಡು ಬರುತ್ತಾನೆ. ಈ ಕಟ್ಟು ಇಲ್ಲದ ಭಾಷೆಯಿಂದ ಬಂದವರು ‘ನಾನು’ ಅಂತಲೇ ಶುರು ಮಾಡುತ್ತಾರೆ. ಇಂಥ ಕಡೆ ಲ್ಯಾಡೊ ಹೇಳಿದ ಹೋಲಿಕೆ ಈಗಲೂ ಕೆಲಸಕ್ಕೆ ಬರುತ್ತದೆ. ಎಲ್ಲ ತಪ್ಪಿಗೂ ಅದೊಂದೇ ಕಾರಣ ಅಂದದ್ದು ಮಾತ್ರ ಅತಿಯಾಯಿತು.

ಇಂಗ್ಲಿಷಿನ ಆ ಒಂದು ‘ಸ್’

ಅಂತರಭಾಷೆಯ ಕಲ್ಪನೆ ಬಂದ ಮೇಲೆ ಬಿಡಿಸಿಕೊಂಡ ಒಗಟುಗಳಲ್ಲಿ ಇದು ನಮಗೆಲ್ಲ ಹತ್ತಿರದ್ದು. ‘ಹಿ’, ‘ಶಿ’ ಬಂದರೆ ಕ್ರಿಯಾಪದದ ಕೊನೆಗೆ ‘ಸ್’ ಹಚ್ಚಬೇಕು. ನಿಯಮ ಒಂದೇ ಸಾಲು. ಶಾಲೆಯಲ್ಲಿ ಮೊದಲು ಹೇಳಿಕೊಡುವ ನಿಯಮಗಳಲ್ಲಿ ಒಂದು. ಆದರೆ ವರ್ಷಗಟ್ಟಲೆ ಇಂಗ್ಲಿಷ್ ಆಡಿದವರೂ ಮಾತಿನ ಭರದಲ್ಲಿ ಅದನ್ನು ನುಂಗಿಬಿಡುತ್ತಾರೆ. ಯಾಕೆ?

ಮಾತೃಭಾಷೆಯ ಮೇಲೆ ಗೂಬೆ ಕೂರಿಸಲು ಆಗುವುದಿಲ್ಲ. ಕನ್ನಡದಲ್ಲಿ ಹೋಗುತ್ತೇನೆ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಅಂತ ಪ್ರತಿಯೊಂದಕ್ಕೂ ಬೇರೆ ಕೊನೆ ಇದೆ. ಇಷ್ಟೆಲ್ಲ ರೂಢಿಯಿರುವ ನಮಗೆ ಒಂದು ‘ಸ್’ ಯಾವ ಲೆಕ್ಕ? 1974ರಲ್ಲಿ ಹೈಡಿ ಡುಲೆ ಮತ್ತು ಮರೀನಾ ಬರ್ಟ್ ಸ್ಪ್ಯಾನಿಷ್ ಮಾತಾಡುವ ಮಕ್ಕಳನ್ನೂ ಚೀನಿ ಮಾತಾಡುವ ಮಕ್ಕಳನ್ನೂ ನೋಡಿದರು. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದಕ್ಕೆ ಬೇಕಾದಷ್ಟು ಕೊನೆಗಳಿವೆ, ಚೀನಿಯಲ್ಲಿ ಯಾರು ಅಂತ ತೋರಿಸುವ ಕೊನೆ ಒಂದೂ ಇಲ್ಲ. ಆದರೂ ಇಂಗ್ಲಿಷಿನ ಪ್ರತ್ಯಯಗಳನ್ನು ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಹಿಡಿದವು. ‘ಇಂಗ್’ ಬೇಗ ಬಂತು, ಈ ‘ಸ್’ ತಡವಾಗಿ ಬಂತು.

ಕಾರಣ ಆ ದನಿಯ ಸ್ವಭಾವದಲ್ಲೇ ಇದೆ ಅಂತ ಕಾಣುತ್ತದೆ. ಅದು ಹೊಸದೇನನ್ನೂ ಹೇಳುವುದಿಲ್ಲ. ‘ಹಿ’ ಅಂದಾಗಲೇ ಯಾರು ಅಂತ ಗೊತ್ತಾಗಿಬಿಟ್ಟಿದೆ. ಕಿವಿಗೆ ಗಟ್ಟಿಯಾಗಿ ಬೀಳುವುದಿಲ್ಲ, ಪಕ್ಕದ ಪದದಲ್ಲಿ ಕರಗಿಹೋಗುತ್ತದೆ. ಅದಿಲ್ಲದಿದ್ದರೂ ಅರ್ಥ ಕೆಡುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ನಾನು’, ‘ಅವಳು’ ಬಿಟ್ಟು ಬರೀ ‘ಬರುತ್ತೇನೆ’, ‘ಬರುತ್ತಾಳೆ’ ಅಂದರೂ ಸಾಕು. ಕೊನೆಯೇ ಎಲ್ಲ ಹೇಳುತ್ತದೆ. ಇದನ್ನು ತಿಳಿದ ಶಿಕ್ಷಕರು ‘ಸ್’ ಬಿಟ್ಟದ್ದಕ್ಕೆ ಮೊದಲ ವರ್ಷದಲ್ಲೇ ಅಂಕ ಕತ್ತರಿಸುತ್ತಾ ಕೂರುವುದಿಲ್ಲ. ಅದು ಬರುವ ಹೊತ್ತಿಗೆ ಬರುತ್ತದೆ.

ಹಾಗಂತ ಎಲ್ಲವೂ ತಾನಾಗಿ ಬರುತ್ತದೆ ಅಂತಲೂ ಅಲ್ಲ. ಹವಾಯಿಗೆ ಬಂದು ನೆಲೆಸಿದ ಒಬ್ಬ ಜಪಾನಿ ಕಲಾವಿದನನ್ನು ರಿಚರ್ಡ್ ಶ್ಮಿಟ್ ವರ್ಷಗಟ್ಟಲೆ ಗಮನಿಸಿ 1983ರಲ್ಲಿ ಬರೆದರು. ಆತ ಬಲು ಮಾತುಗಾರ. ಇಂಗ್ಲಿಷಿನಲ್ಲಿ ಜನರೊಡನೆ ಬೆರೆತ, ವ್ಯವಹಾರ ಮಾಡಿದ, ತಮಾಷೆ ಮಾಡಿದ. ವ್ಯಾಕರಣ ಮಾತ್ರ ಇದ್ದಲ್ಲೇ ಇತ್ತು. ಕೆಲಸ ನಡೆಯುತ್ತಿರುವಾಗ ಸಣ್ಣಪುಟ್ಟ ಪ್ರತ್ಯಯದ ಕಡೆ ಗಮನ ಯಾಕೆ ಹೋಗಬೇಕು? ಕೆನಡಾದಲ್ಲೂ ಇಂಥದ್ದೇ ಕಂಡಿತು. ಇಂಗ್ಲಿಷ್ ಮನೆಗಳ ಮಕ್ಕಳಿಗೆ ಎಲ್ಲ ವಿಷಯಗಳನ್ನೂ ಫ್ರೆಂಚ್‌ನಲ್ಲೇ ಕಲಿಸುವ ಪ್ರಯೋಗ 1965ರಲ್ಲಿ ಮಾಂಟ್ರಿಯಲ್ ಬಳಿ ಶುರುವಾಗಿತ್ತು. ವರ್ಷಗಳ ನಂತರ ಮಕ್ಕಳು ಫ್ರೆಂಚ್ ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಬಹಳ ಮುಂದಿದ್ದರು. ಮಾತಾಡುವಾಗ ಲಿಂಗ, ಕಾಲಗಳಲ್ಲಿ ತಪ್ಪು ಉಳಿದೇ ಇತ್ತು. ಅರ್ಥವಾಗುವಂಥ ಮಾತು ಕಿವಿಗೆ ಸಾಕಷ್ಟು ಬಿದ್ದರೆ ಭಾಷೆ ತಾನೇ ಬರುತ್ತದೆ ಅಂತ ಸ್ಟೀಫನ್ ಕ್ರ್ಯಾಷೆನ್ ವಾದಿಸುತ್ತಿದ್ದ ಕಾಲ ಅದು. ಈ ಮಕ್ಕಳನ್ನು ನೋಡಿದ ಮೆರಿಲ್ ಸ್ವೇನ್ 1985ರಲ್ಲಿ ಅದಕ್ಕೆ ತಿದ್ದುಪಡಿ ಹಾಕಿದರು. ಕೇಳಿದರೆ ಸಾಲದು, ಬಾಯಿಬಿಟ್ಟು ಹೇಳಲೂಬೇಕು. ಹೇಳಹೊರಟಾಗಲೇ ‘ಅಯ್ಯೋ, ಇದಕ್ಕೆ ಏನನ್ನಬೇಕು’ ಅಂತ ತನಗೆ ಗೊತ್ತಿಲ್ಲದ್ದು ಕಾಣುತ್ತದೆ.

ನಮ್ಮ ಕಡೆ ನಡೆದ ಒಂದು ಪ್ರಯೋಗವೂ ಈ ಚರಿತ್ರೆಯಲ್ಲಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಆ ಯೋಜನೆ ಜಗತ್ತಿನಾದ್ಯಂತ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತಲೇ ಹೆಸರಾಗಿದೆ. ವ್ಯಾಕರಣದ ಪಾಠವೇ ಇಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಇಂಗ್ಲಿಷಿನಲ್ಲೇ ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಗಮನ ಅರ್ಥದ ಮೇಲಿರುವಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಕೆಲಸದ ಮೂಲಕ ಭಾಷೆ ಕಲಿಸುವ ಇಂದಿನ ಪದ್ಧತಿಗೆ ಬೇರು ಅಲ್ಲಿದೆ. ಅರ್ಥಕ್ಕೆ ಕೊಟ್ಟ ಮಹತ್ವವನ್ನು ನಾನು ಒಪ್ಪುತ್ತೇನೆ. ರೂಪದ ಕಡೆ ಗಮನವೇ ಬೇಡ ಅನ್ನುವುದನ್ನು ಕೆನಡಾದ ಮಕ್ಕಳನ್ನು ನೋಡಿದ ಮೇಲೆ ಒಪ್ಪುವುದು ಕಷ್ಟ.

ಹಾಗಾದರೆ ಗಮನ ಸೆಳೆಯುವುದು ಹೇಗೆ? ಕಲಿಯುವವರು ‘ನಾನು ಪುಸ್ತಕ ಕೊಡಿದೆ’ ಅಂದರು ಅನ್ನಿ. ‘ಓ, ಪುಸ್ತಕ ಕೊಟ್ಟಿರಾ?’ ಅಂತ ಸರಿಯಾದ ರೂಪವನ್ನು ನಯವಾಗಿ ಮಾತಿನಲ್ಲಿ ಸೇರಿಸಿ ಮುಂದೆ ಹೋಗುವುದು ಶಿಕ್ಷಕರಿಗೆ ಸಹಜ. 1997ರಲ್ಲಿ ರಾಯ್ ಲಿಸ್ಟರ್ ಮತ್ತು ಲೀಲಾ ರಾಂಟಾ ಕೆನಡಾದ ಫ್ರೆಂಚ್ ತರಗತಿಗಳಲ್ಲಿ ನೋಡಿದಾಗ ಶಿಕ್ಷಕರ ತಿದ್ದುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ ಇತ್ತು. ಮಕ್ಕಳು ಅದಕ್ಕೆ ಸ್ಪಂದಿಸಿದ್ದು ಮಾತ್ರ ಎಲ್ಲಕ್ಕಿಂತ ಕಡಿಮೆ. ಅವರಿಗೆ ಅದು ಮಾತು ಮುಂದುವರಿದ ಹಾಗೆ ಕೇಳಿಸಿತು, ತಿದ್ದಿದ ಹಾಗೆ ಕೇಳಿಸಲಿಲ್ಲ. ‘ಕೊಡಿದೆ? ಇನ್ನೊಂದು ಸಲ ಹೇಳಿ’ ಅಂತ ಅವರ ಬಾಯಿಂದಲೇ ಸರಿ ರೂಪ ಹೊರಡಿಸಲು ಪ್ರಯತ್ನಿಸಿದಾಗ ಮಕ್ಕಳು ತಾವೇ ತಿದ್ದಿಕೊಳ್ಳುತ್ತಿದ್ದದ್ದು ಜಾಸ್ತಿ.

ಯಾವ ಪದ ಮೊದಲು, ಯಾವ ಕನ್ನಡ ಮೊದಲು

ಪದಗಳ ವಿಷಯಕ್ಕೆ ಬಂದರೆ ಭಾಷಾವಿಜ್ಞಾನದ ಕೊಡುಗೆ ಎಣಿಕೆ. ಯಾವ ಭಾಷೆಯಲ್ಲೂ ಕೆಲವೇ ಪದಗಳು ಹೆಚ್ಚಿನ ಕೆಲಸ ಮಾಡುತ್ತವೆ. ಢಾಕಾದಲ್ಲಿ ಪಾಠ ಮಾಡಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಇಂಗ್ಲಿಷಿನ ಸುಮಾರು 2000 ಮುಖ್ಯ ಪದಗಳ ಪಟ್ಟಿ ಹೊರತಂದರು. ಸಾಮಾನ್ಯ ಬರಹದಲ್ಲಿ ಐದರಲ್ಲಿ ನಾಲ್ಕು ಪದ ಇಂಥ ಪಟ್ಟಿಯೊಳಗೇ ಸಿಗುತ್ತವೆ. ಆದರೆ ಪತ್ರಿಕೆ, ಕಾದಂಬರಿ ಯಾರ ನೆರವೂ ಇಲ್ಲದೆ ಓದಬೇಕಾದರೆ 8000ದಿಂದ 9000 ಪದಕುಟುಂಬಗಳು (ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕು ಅಂತ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಮೊದಲ 2000ವನ್ನು ಕೂತು ಕಲಿಯಬಹುದು. ಉಳಿದವನ್ನು ಓದುತ್ತಾ ಓದುತ್ತಾ ಹೆಕ್ಕಿಕೊಳ್ಳಬೇಕು. ಹಣ್ಣು, ಬಣ್ಣ, ಪ್ರಾಣಿ ಅಂತ ಶುರುವಾಗುವ ಪಠ್ಯಗಳಲ್ಲಿ ಜಿರಾಫೆ ಮೊದಲು ಬಂದು ‘ಆಮೇಲೆ’, ‘ಯಾಕಂದರೆ’, ‘ಆದರೂ’ ಕೊನೆಗೆ ಬರುವುದು ಎಣಿಕೆಯನ್ನು ಯಾರೂ ನೋಡದಿದ್ದಾಗ ಆಗುವ ಕತೆ.

ಸರಿಯಾದ ವಾಕ್ಯ ಗೊತ್ತಿದ್ದರೂ ಸಾಲದು ಅಂತ ಡೆಲ್ ಹೈಮ್ಸ್ 1960ರ ದಶಕದಲ್ಲೇ ಹೇಳಿದ್ದರು. ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಅನ್ನುವುದೂ ಭಾಷೆಯ ತಿಳಿವಳಿಕೆಯೇ. ‘ಪೆನ್ನು ಕೊಡು’, ‘ಪೆನ್ನು ಕೊಡಿ’, ‘ಪೆನ್ನು ಸ್ವಲ್ಪ ಕೊಡ್ತೀರಾ’ ಮೂರೂ ವ್ಯಾಕರಣಕ್ಕೆ ಸರಿ. ಅಪರಿಚಿತ ಹಿರಿಯರ ಮುಂದೆ ಮೊದಲನೆಯದು ಹೇಳಿ ನೋಡಿ.

ಕನ್ನಡ ಕಲಿಸುವವರಿಗೆ ಇದರ ಜೊತೆ ಇನ್ನೊಂದು ತಲೆನೋವಿದೆ. ಬರೆಯುವ ಭಾಷೆ ಒಂದು, ಆಡುವ ಭಾಷೆ ಇನ್ನೊಂದು. ಅರಬ್ಬಿ, ಗ್ರೀಕ್, ಸ್ವಿಸ್ ಜರ್ಮನ್, ಹೈಟಿ ಕ್ರಿಯೋಲ್ ಉದಾಹರಣೆ ಕೊಟ್ಟು ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಈ ಸ್ಥಿತಿಯನ್ನು ವಿವರಿಸಿದರು. ಆ ಕಾಲದಲ್ಲೇ ವಿಲಿಯಂ ಬ್ರೈಟ್ ಆಡುಗನ್ನಡದ ಕಟ್ಟನ್ನು ಅಧ್ಯಯನ ಮಾಡಿದ್ದರು. ಪುಸ್ತಕ ನೋಡಿ ‘ನಾನು ನಾಳೆ ಬರುತ್ತೇನೆ’ ಕಲಿತವರಿಗೆ ಬೀದಿಯಲ್ಲಿ ‘ನಾಳೆ ಬರ್ತೀನಿ’ ಕೇಳಿಸುತ್ತದೆ. ತಾನು ಕಲಿತದ್ದೇ ಬೇರೆ ಭಾಷೆಯೋ ಏನೋ ಅಂತ ಗಾಬರಿಯಾಗುತ್ತಾರೆ. ಇವೆರಡರ ನಡುವಿನ ದಾರಿ ಕ್ರಮಬದ್ಧವಾಗಿದೆ ಅಂತ ತೋರಿಸಿದರೆ ಗಾಬರಿ ಅರ್ಧ ಇಳಿಯುತ್ತದೆ. ಬರುತ್ತೇನೆ ಬರ್ತೀನಿ, ಮಾಡುತ್ತೇನೆ ಮಾಡ್ತೀನಿ, ಓದುತ್ತೇನೆ ಓದ್ತೀನಿ: ನಡುವಿನ ಉ ಬಿತ್ತು, ಒತ್ತು ಸಡಿಲವಾಯಿತು, ‘ತೇನೆ’ ‘ತೀನಿ’ ಆಯಿತು. ಊರಿಂದ ಊರಿಗೆ ಕೊನೆ ಸ್ವಲ್ಪ ಬದಲಾಗಬಹುದು, ಉ ಬೀಳುವುದು ಮಾತ್ರ ಹೆಚ್ಚಿನ ಕಡೆ ಹಾಗೇ.

ಯಾವುದನ್ನು ಮೊದಲು ಕಲಿಸಬೇಕು ಅಂತ ಭಾಷಾವಿಜ್ಞಾನ ತೀರ್ಪು ಕೊಡುವುದಿಲ್ಲ. ಕಲಿಯುವವರು ಯಾಕೆ ಕಲಿಯುತ್ತಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ನನ್ನನ್ನು ಕೇಳಿದರೆ, ಜನರ ಜೊತೆ ಮಾತಾಡಲು ಬಂದವರಿಗೆ ‘ಬರ್ತೀನಿ’ಯಿಂದ ಶುರು ಮಾಡಿ, ಓದಲು ಕೂತಾಗ ‘ಬರುತ್ತೇನೆ’ಯನ್ನು ಪಕ್ಕದಲ್ಲಿಟ್ಟು ತೋರಿಸುವುದು ಸರಿ. ಶಾಸನ, ಹಳೆಯ ಕಾವ್ಯ ಓದಲು ಕನ್ನಡ ಕಲಿಯುತ್ತಿರುವವರಿಗೆ ಈ ಕ್ರಮ ಪೂರ್ತಿ ತಿರುಗಾಮುರುಗಾ ಆಗಬೇಕಾಗುತ್ತದೆ.